ಲಾಸ್ಟ್ ಡೇ ವ್ಯಾನ್ ಇರಲ್ಲ

ನಾನು ವಾಟ್ಸಾಪಲ್ಲಿ ಟೈಪ್ ಮಾಡಲ್ಲ, ಮಾತಾಡಿ ಕಳಿಸ್ತೀನಿ. ಬೆಳಗ್ಗೆ ವ್ಯಾನ್ ತೆಗೆಯೋ ಮೊದಲು ಗ್ರೂಪ್ ತೆರೆದು, ಮೈಕ್ ಒತ್ತಿ ಹಿಡಿದು, 'ಎಲ್ಲಾ ಪೇರೆಂಟ್ಸ್‌ಗೂ ನಮಸ್ಕಾರ, ಸಾರಕ್ಕಿ ಸಿಗ್ನಲ್ ಜಾಮು, ಹತ್ತು ನಿಮಿಷ ಲೇಟು' ಅಂದರೆ ಮುಗೀತು. ಹದಿನಾಲ್ಕು ಮಕ್ಕಳು, ಹದಿನಾಲ್ಕು ಮನೆ, ಹದಿನಾಲ್ಕು ಹೆಬ್ಬೆಟ್ಟಿನ ಗುರುತು. ಟೈಪ್ ಯಾಕೆ ಮಾಡಲ್ಲ ಅಂತ ಯಾರಾದರೂ ಕೇಳಿದ್ದರೆ, ಗಾಡಿ ಓಡಿಸ್ತಾ ಟೈಪ್ ಮಾಡೋಕಾಗುತ್ತಾ ಅಂತ ಜಗಳಕ್ಕೇ ಹೋಗ್ತಿದ್ದೆ. ನಿಜ ಬೇರೆ. ಒಂಬತ್ತನೇ ಕ್ಲಾಸಿಗೆ ಸ್ಕೂಲು ಬಿಟ್ಟವನ ಬರವಣಿಗೆ ಹದಿನಾಲ್ಕು ಮನೆಯವರ ಕಣ್ಣಿಗೆ ಬೀಳೋದು ನನಗೆ ಬೇಕಿರಲಿಲ್ಲ.

ಮಾರ್ಚ್ ಇಪ್ಪತ್ತೇಳರ ಸಂಜೆ ಹಾಗೇ ಒಂದು ಮಾತು ಕಳಿಸಿದೆ. 'ನಾಳೆ ಲಾಸ್ಟ್ ಡೇ. ಬೆಳಗ್ಗೆ ನಾನೇ ಬಿಡ್ತೀನಿ. ವಾಪಸ್ ವ್ಯಾನ್ ಇರಲ್ಲ. ಹನ್ನೊಂದು ಗಂಟೆಗೆ ನೀವೇ ಬಂದು ಪ್ರೋಗ್ರೆಸ್ ಕಾರ್ಡ್ ತಗೊಂಡು, ಮಗೂನ ಕರ್ಕೊಂಡು ಹೋಗಿ.' ಇದು ನಾನು ಮಾಡಿದ ರೂಲ್ಸಲ್ಲ. ಆ ಸ್ಕೂಲಲ್ಲಿ ಮೊದಲಿಂದ ನಡೆದು ಬಂದಿದ್ದು. ಜರಗನಹಳ್ಳಿಯಲ್ಲಿ ಹುಟ್ಟಿದ ಯಾವ ತಾಯಿಗೂ ಅದನ್ನು ಹೇಳಬೇಕಾಗಿಲ್ಲ. ಆವತ್ತು ಅಮ್ಮಂದಿರು ಒಳ್ಳೆ ಸೀರೆ ಉಟ್ಟು, ಟೀಚರ್‌ಗೆ ಒಂದು ಸ್ವೀಟ್ ಬಾಕ್ಸ್ ಹಿಡಿದು ಹತ್ತೂವರೆಗೇ ಗೇಟಲ್ಲಿರ್ತಾರೆ.

ಹದಿನಾಲ್ಕು ಹೆಬ್ಬೆಟ್ಟು ಬಂತು. ದೇವಿನಾ ಮೇಡಂದೂ ಬಂತು.

ದೇವಿನಾ ಮೇಡಂ ನಮ್ಮ ಮನೆಯ ಮೇಲಿನ ಬಾಡಿಗೆಯವರು. ಮಾರಿಷಸ್‌ನವರು. ಅವರ ಮುತ್ತಜ್ಜಿ ಕಾಲದಲ್ಲಿ ನಮ್ಮ ಈ ಕಡೆಯಿಂದಲೇ ಕಬ್ಬು ಕಡಿಯೋಕೆ ಹಡಗು ಹತ್ತಿ ಹೋದ ಜನವಂತೆ. ಗಂಡ ಈಗಲೂ ಹಡಗಲ್ಲೇ, ಅಡುಗೆ ಮಾಡ್ತಾನೆ, ಆರು ತಿಂಗಳಿಗೊಮ್ಮೆ ದಡ ಕಾಣ್ತಾನೆ. ಮೇಡಂ ಕೋಣನಕುಂಟೆ ಕ್ರಾಸ್ ದಾಟಿ ಒಳಗಿರೋ ದೊಡ್ಡ ಸ್ಕೂಲಲ್ಲಿ ಫ್ರೆಂಚ್ ಹೇಳಿಕೊಡ್ತಾರೆ. ಅಲ್ಲಿ ಆರನೇ ಕ್ಲಾಸಿಂದ ಮೇಲೆ ಮಾತ್ರ. ಅದಕ್ಕೇ ಮಗಳು ಇಶ್ನಾ ಜೆಪಿ ನಗರ ಆರನೇ ಫೇಸಿನ ಚಿಕ್ಕ ಸ್ಕೂಲಲ್ಲಿ ಯುಕೆಜಿ, ನನ್ನ ವ್ಯಾನಲ್ಲಿ.

ಮೇಡಂ ನೋಡೋಕೆ ನಮ್ಮ ಚಿಕ್ಕಮ್ಮನ ಹಾಗಿದ್ದಾರೆ. ಎಲ್ಲ ತೊಂದರೆ ಅದರದ್ದೇ. ಸೊಪ್ಪಿನವಳಿಂದ ಹಿಡಿದು ಬಸ್ ಕಂಡಕ್ಟರ್ ತನಕ ಎಲ್ಲರೂ ಕನ್ನಡದಲ್ಲೇ ಶುರು ಹಚ್ಕೋತಾರೆ, ಮೇಡಂ ನಕ್ಕು ತಲೆಯಾಡಿಸ್ತಾರೆ, ಎಲ್ಲಾ ಅರ್ಥವಾಯ್ತು ಅಂತ ಇವರು ಹೋಗ್ತಾರೆ. ಅದೇ ಬಿಳಿ ಮುಖವಾಗಿದ್ದರೆ ನಾಲ್ಕು ಜನ ಸುತ್ತ ನಿಂತು ಕೈ ಬಾಯಿ ಆಡಿಸಿ ಬಿಡಿಸಿ ಹೇಳ್ತಿದ್ದರು. ನಾನೇನು ಕಮ್ಮಿ ಇಲ್ಲ. ಹತ್ತು ತಿಂಗಳು ಕನ್ನಡದಲ್ಲಿ ಕೂಗಿ ಕಳಿಸಿದೆ, ಹತ್ತು ತಿಂಗಳೂ ಹೆಬ್ಬೆಟ್ಟು ಬಂತು. ಅದು ಯಾರ ಹೆಬ್ಬೆಟ್ಟು ಅಂತ ಒಂದು ದಿನವೂ ಯೋಚಿಸಲಿಲ್ಲ.

ಇನ್ನೊಂದು ವಿಷಯ ಗೊತ್ತಿತ್ತು. ಅಮ್ಮ ಹೇಳಿದ್ದಳು. ಸಂಜೆ ಐದರವರೆಗೆ ಇಶ್ನಾ ಅಮ್ಮನ ಹತ್ತಿರವೇ ಇರ್ತಾಳಲ್ಲ, ಹಾಗಾಗಿ ಮೇಲಿನ ಮನೆಯ ಸುದ್ದಿಯೆಲ್ಲ ಅಮ್ಮನಿಗೆ. ದೇವಿನಾ ಅವಳ ಬಾಯಲ್ಲಿ ದೇವಮ್ಮ. 'ದೇವಮ್ಮಂಗೆ ಈ ಏಪ್ರಿಲ್‌ಗೆ ವೀಸಾ ಮುಗೀತದಂತೆ ಕಣೋ. ಸ್ಕೂಲಿನವರು ಇನ್ನೊಂದು ವರ್ಷ ಇಟ್ಕೋತೀವಿ ಅಂತ ಕಾಗದ ಕೊಟ್ರೆ ಉಂಟು, ಇಲ್ದಿದ್ರೆ ಗಂಟುಮೂಟೆ ಕಟ್ಟಬೇಕು. ಊಟ ಸರಿಯಾಗಿ ಮಾಡ್ತಿಲ್ಲ ಅವಳು.' ಒಂದು ವಾರದಿಂದ ಮೇಡಂ ಮನೆಯ ಲೈಟು ಬೆಳಗಿನ ನಾಲ್ಕಕ್ಕೇ ಉರೀತಿತ್ತು. ಪೇಪರ್ ತಿದ್ದೋದು ಅಂದ್ಕೊಂಡಿದ್ದೆ. ಸ್ಕೂಲಿನಿಂದ ಪೇಪರ್ ಹೊರಗೆ ತರೋ ಹಾಗಿಲ್ಲವಂತೆ, ಆದರೆ ಬೇರೆ ಏನೇನೋ ಇರುತ್ತಲ್ಲ, ರಿಪೋರ್ಟು, ಫೈಲು.

ಇಪ್ಪತ್ತೆಂಟನೇ ತಾರೀಕು ಬೆಳಗ್ಗೆ ಮಕ್ಕಳನ್ನು ಇಳಿಸಿದೆ. ಗೇಟಲ್ಲಿ ಆಫೀಸಿನವರು ನಮ್ಮ ಡ್ರೈವರ್‌ಗಳ ಕಾರ್ಡು ವಾಪಸ್ ತಗೊಂಡರು. ಪ್ರತಿ ವರ್ಷ ಹಾಗೇ. ಜೂನ್‌ನಲ್ಲಿ ಹೊಸ ಫೋಟೊ ಕೊಟ್ಟರೆ ಹೊಸ ಕಾರ್ಡು. ಅಲ್ಲಿತನಕ ಆ ಗೇಟಿಗೆ ನಾನು ಯಾರೋ.

ಹನ್ನೊಂದೂ ಮುಕ್ಕಾಲಿಗೆ ಗಾಡಿ ತೊಳೆಯೋಕೆ ಬಿಟ್ಟು ಕಲ್ಲಂಗಡಿ ತಿನ್ನುತ್ತಿದ್ದೆ. ಫೋನ್ ಬಂತು. ಸ್ಕೂಲಿನ ಆಯಾ ರುದ್ರಮ್ಮ.

'ಮನು, ನಿಮ್ಮ ಮನೆ ಮಗು ಇಲ್ಲೇ ಕೂತದಲ್ಲೋ.'

'ಯಾವ ಮಗು ರುದ್ರಕ್ಕ.'

'ಇನ್ಯಾವ್ದು. ಇಶ್ನಾ. ಎಲ್ಲ ಮಕ್ಕಳೂ ಹೋದ್ವು. ತಾಯಿ ಫೋನು ಆಫ್. ನೀನಾದ್ರೂ ಬಾ.'

ಅರ್ಧ ಸೋಪು ಹಚ್ಚಿದ ಗಾಡಿ ಹಾಗೇ ತೆಗೆದುಕೊಂಡು ಹೋದೆ. ವೈಪರ್ ಹಾಕಿದರೆ ನೊರೆ. ಅಮ್ಮನಿಗೆ ಫೋನ್ ಮಾಡಿದೆ, ಅವಳು ಉತ್ತರಹಳ್ಳಿಯಲ್ಲಿ ಯಾರದೋ ಗೃಹಪ್ರವೇಶದ ಊಟಕ್ಕೆ ಕೂತಿದ್ದಳು. 'ಎಲೆ ಮುಂದೆ ಕೂತಿದೀನಿ, ಆಮೇಲ್ ಮಾಡು' ಅಂತ ಇಟ್ಟಳು.

ಗೇಟು ಒಳಗಿಂದ ಬೀಗ. ಕಂಬಿಯ ಆಚೆ, ಜಾರುಬಂಡೆಯ ನೆರಳಲ್ಲಿ ಇಶ್ನಾ ಬ್ಯಾಗು ತೊಡೆಮೇಲಿಟ್ಟು ಕೂತಿದ್ದಳು. ಅಳುತ್ತಿರಲಿಲ್ಲ. ಯೂನಿಫಾರಂನ ಟೈ ಸರಿಯಾಗಿತ್ತು, ತಲೆ ಕೂಡ ಯಾರದೋ ಬಾಚಣಿಗೆಯಲ್ಲಿ ಈಗಷ್ಟೇ ಬಾಚಿದ ಹಾಗಿತ್ತು. ಮದುವೆಗೆ ಹೊರಟವಳ ಹಾಗೆ ಕಾಯುತ್ತಿದ್ದಳು.

'ರುದ್ರಕ್ಕ, ಬೀಗ ತೆಗಿ.'

'ತೆಗಿಯೋ ಹಾಗಿಲ್ಲ ಕಣಪ್ಪ. ನಿನ್ನ ಕಾರ್ಡಿಲ್ಲ.'

'ಬೆಳಗ್ಗೆ ಎಂಟಕ್ಕೆ ಇದೇ ಮಗೂನ ನಾನೇ ತಾನೇ ಇಳಿಸಿದ್ದು. ನಾಲ್ಕು ಗಂಟೇಲಿ ಕಳ್ಳ ಆದ್ನಾ.'

'ನನ್ ಮೇಲೆ ರೇಗಬೇಡ. ಹೋದ ವರ್ಷ ಆ ಗಂಡ ಹೆಂಡ್ತಿ ಕೇಸಾಯ್ತಲ್ಲ, ಅಪ್ಪ ಬಂದು ಮಗೂನ ಎತ್ಕೊಂಡು ಹೋದ. ಅವತ್ತಿಂದ ಹಿಂಗೆ. ತಾಯಿ ಬರ್ಬೇಕು, ಇಲ್ಲ ಪೇರೆಂಟ್ಸ್‌ಗೆ ಕೊಟ್ಟಿರೋ ಹಳದಿ ಕಾರ್ಡು ಜೊತೆಗೆ ತಾಯಿ ಸೈನ್ ಮಾಡಿದ ಲೆಟರ್ ಬರ್ಬೇಕು.' ರುದ್ರಮ್ಮ ದನಿ ತಗ್ಗಿಸಿದಳು. 'ಒಂದು ಗಂಟೆಗೆ ಮುಚ್ತಾರೆ. ಅಷ್ಟರಲ್ಲಿ ಯಾರೂ ಬರ್ಲಿಲ್ಲ ಅಂದ್ರೆ ಸ್ಟೇಷನ್‌ಗೆ ಹೇಳ್ಬೇಕಂತೆ. ಆಫೀಸ್ ಮೇಡಂ ಒಳಗೆ ಸ್ಟೇಷನ್ ನಂಬರ್ ಹುಡುಕ್ತಾವ್ರೆ.'

ಪೊಲೀಸ್ ಸ್ಟೇಷನ್. ವೀಸಾ ಇನ್ನು ಒಂದು ತಿಂಗಳು ಇರೋ ಹೊರದೇಶದ ಹೆಂಗಸು, ಮಗು ಬಿಟ್ಟು ಹೋದಳು ಅಂತ ಒಂದು ಎಂಟ್ರಿ.

ಕಂಬಿ ಹಿಡಿದು ಕೂತೆ. 'ಪಾಪು, ಬಾ ಇಲ್ಲಿ. ನಿನ್ನೆ ಸಾಯಂಕಾಲ ನಾನು ಕಳಿಸಿದ್ದು ಅಮ್ಮ ಕೇಳಿಸ್ಕೊಂಡ್ರಾ.'

'ಅಮ್ಮಂಗೆ ಕನ್ನಡ ಬರಲ್ಲ ಅಣ್ಣ.' ಇಷ್ಟೂ ಗೊತ್ತಿಲ್ವಾ ಅನ್ನೋ ಹಾಗೆ ಅಂದಳು. 'ನಾನು ಕೇಳಿ ಹೇಳ್ತೀನಿ. ಯಾವಾಗ್ಲೂ ನಾನೇ ಹೇಳೋದು. ಥಂಬೂ ನಾನೇ ಒತ್ತೋದು.' ಅವಳ ಕನ್ನಡ ನಮ್ಮಮ್ಮನ ಕನ್ನಡ, ಜರಗನಹಳ್ಳಿ ಕನ್ನಡ.

'ನಿನ್ನೆ ಏನು ಹೇಳ್ದೆ.'

ಅವಳು ಶೂ ನೋಡಿಕೊಂಡಳು. 'ವ್ಯಾನ್ ಬತ್ತದೆ ಅಂದೆ.'

'ಯಾಕೆ.'

'ವ್ಯಾನ್ ಬರಲ್ಲ ಅಂದ್ರೆ ಅಮ್ಮ ನಿಂಗೆ ಫೋನ್ ಮಾಡ್ತಾಳೆ. ನೀನು ಬಂದ್ಬಿಡ್ತೀಯ. ಹೇಳ್ದೆ ಇದ್ರೆ ಯಾರೂ ಬರಲ್ಲ. ಆಮೇಲೆ ಅಮ್ಮನೇ ಬರ್ಬೇಕಲ್ವಾ.' ಬ್ಯಾಗು ತಬ್ಬಿಕೊಂಡು, 'ಎಲ್ಲರ ಅಮ್ಮನೂ ಬಂದಿದ್ರು. ನನ್ ಅಮ್ಮ ಒಂದ್ ದಿನಾನೂ ಬಂದಿಲ್ಲ. ನೀನ್ ಹೋಗು ಅಣ್ಣ. ನಾನು ಕಾಯ್ತೀನಿ' ಅಂದಳು.

ಐದು ವರ್ಷದ ತಲೆ. ಲೆಕ್ಕ ಒಂದು ಕಡೆ ಬಿಟ್ಟು ಎಲ್ಲ ಸರಿಯಾಗಿತ್ತು. ಅಮ್ಮನಿಗೆ ಗೊತ್ತಾಗೋದು ಹೇಗೆ ಅನ್ನೋದೊಂದೇ ಬಿಟ್ಟುಹೋಗಿತ್ತು.

ಕನಕಪುರ ರೋಡು ಮಧ್ಯಾಹ್ನ ಹನ್ನೆರಡಕ್ಕೂ ತುಂಬಿರುತ್ತೆ. ಮೆಟ್ರೊ ಕಂಬ ಒಂದೊಂದೂ ದಾಟುತ್ತಾ ನಾನು ಯಾರ್ಯಾರಿಗೆ ಬೈದೆನೋ ಗೊತ್ತಿಲ್ಲ. ಸ್ಕೂಲಿಗೆ, ಬೀಗಕ್ಕೆ, ಮುಂದಿನ ನೀರಿನ ಟ್ಯಾಂಕರ್‌ಗೆ. ಬೈಗುಳ ಖಾಲಿಯಾದ ಮೇಲೆ ಉಳಿದವನು ನಾನೇ. ನಾಲ್ಕಕ್ಷರ ಇಂಗ್ಲಿಷಲ್ಲಿ ಟೈಪ್ ಮಾಡಿದ್ದರೆ ಮುಗಿದುಹೋಗ್ತಿತ್ತು. ನೋ ವ್ಯಾನ್ ಟುಮಾರೋ. ಅಷ್ಟು ನನಗೂ ಬರುತ್ತೆ. ತಪ್ಪಾದರೂ ಏನಾಗ್ತಿತ್ತು, ನಗ್ತಿದ್ದರು ತಾನೇ.

ದೊಡ್ಡ ಸ್ಕೂಲಿನ ಗೇಟು ನಮ್ಮ ಮನೆಗಿಂತ ಎತ್ತರ. ಸೆಕ್ಯುರಿಟಿ ವೆಂಕಟಾಚಲಣ್ಣ ನಮ್ಮ ಏರಿಯಾದವರೇ, ಬೀಡಿ ಆರಿಸಿ ಎದ್ದು ಬಂದರು. ಹನ್ನೆರಡೂ ಇಪ್ಪತ್ತು.

'ಏನ್ ಗುರು, ಗಾಡಿಗೆ ಸ್ನಾನ ಅರ್ಧ ಆಗಿದೆ.'

'ಅಣ್ಣ, ದೇವಿನಾ ಮೇಡಂ ಬೇಕು. ಅರ್ಜೆಂಟು.'

'ಇವತ್ತು ಪ್ರೈಮ್ ಮಿನಿಸ್ಟರ್ ಬಂದ್ರೂ ಆಗಲ್ಲ. ಮಾರ್ಕ್ಸು ಕಂಪ್ಯೂಟರ್‌ಗೆ ಹಾಕ್ತಾವ್ರೆ. ಎಲ್ಲರ ಫೋನೂ ಬೀರುಗೆ ಹಾಕಿ ಬೀಗ ಜಡಿದವ್ರೆ. ಎರಡು ಗಂಟೆಗೆ ಅದೇನೋ ಲಾಕ್ ಆಗ್ತದಂತೆ, ಆಮೇಲೆ ಬಿಡ್ತಾರೆ.'

'ಅವರ ಮಗು ಅಲ್ಲಿ ಒಂದೇ ಕೂತಿದೆ ಅಣ್ಣ. ಒಂದು ಗಂಟೆಗೆ ಪೊಲೀಸ್‌ಗೆ ಹೇಳ್ತಾರಂತೆ.'

ಅವರು ಗಡ್ಡ ಕೆರೆದುಕೊಂಡು ಗೇಟ್ ನೋಡಿದರು, ನನ್ನ ನೋಡಿದರು. ಆಮೇಲೆ ವಿಸಿಟರ್ ಪುಸ್ತಕದಿಂದ ಒಂದು ಹಾಳೆ ಹರಿದು, ಪೆನ್ನಿನ ಜೊತೆ ಕಂಬಿಯಿಂದ ಹೊರಗೆ ಚಾಚಿದರು. 'ಬಾಯಲ್ಲಿ ಹೇಳಿದ್ರೆ ಒಳಗಿನವರು ನನ್ ಮಾತು ಕೇಳಲ್ಲ. ಬರ್ದು ಕೊಡು. ಇಂಗ್ಲಿಷಲ್ಲಿ. ಒಳಗೆ ಕೊಟ್ಟು ಬರ್ತೀನಿ.'

ಗಾಡಿಯ ಬಾನೆಟ್ ಮೇಲೆ ಹಾಳೆ ಇಟ್ಟೆ. ಕೈ ಬೆವರಿತ್ತು, ನೊರೆ ಹತ್ತಿ ಹಾಳೆಯ ಮೂಲೆ ಒದ್ದೆಯಾಯಿತು. ಇಶ್ನಾ ಹೆಸರು ಇಂಗ್ಲಿಷಲ್ಲಿ ಹೇಗೆ ಬರೀತಾರೆ ಅಂತ ಅವಳ ನೀರಿನ ಬಾಟಲಿ ಮೇಲೆ ದಿನಾ ನೋಡಿದ್ದೆ, ಅದು ಬಂತು. ಸ್ಕೂಲ್, ವ್ಯಾನ್, ಪೊಲೀಸ್, ಕಮ್. ನಡುವೆ ಏನೇನು ಹಾಕಬೇಕೋ ಬಿಟ್ಟೆ. ಹನ್ನೊಂದು ಪದಕ್ಕೆ ಏಳು ನಿಮಿಷ. ಒಂಬತ್ತನೇ ಕ್ಲಾಸ್ ಆದಮೇಲೆ ಸೈನ್ ಬಿಟ್ಟು ನಾನು ಬರೆದಿದ್ದು ಅದೇ ಮೊದಲು. ಅದೂ ಓದೋದು ಒಬ್ಬ ಟೀಚರ್, ಕೈಯಲ್ಲಿ ಕೆಂಪು ಪೆನ್ನು ಹಿಡಿದು ಕೂತಿರೋ ಟೀಚರ್.

ಮೇಡಂ ಓಡಿ ಬಂದರು. ಹಿಂದೆ ಕೊರಳಲ್ಲಿ ಐಡಿ ಹಾಕಿದ ಇನ್ನೊಬ್ಬ ಹೆಂಗಸು. ವನಿತಾ ಮೇಡಂ, ಕೋಆರ್ಡಿನೇಟರ್, ಅಂತ ವೆಂಕಟಾಚಲಣ್ಣ ನನ್ನ ಕಿವಿಯಲ್ಲಿ ಅಂದರು. ದೇವಿನಾ ಮೇಡಂ ಮುಖ ಬಿಳುಚಿತ್ತು. 'ಇಶ್ನಾ? ಓಕೆ? ಇಶ್ನಾ ಓಕೆ?'

'ಓಕೆ ಮೇಡಂ. ಸಿಟ್ಟಿಂಗ್. ನೋ ಕ್ರೈ.'

ವನಿತಾ ಮೇಡಂ ಕನ್ನಡದವರು, ಅದೊಂದು ಪುಣ್ಯ. ನಾನು ಎಲ್ಲ ಹೇಳಿದೆ, ಅವರು ಇಂಗ್ಲಿಷಲ್ಲಿ ಹೇಳಿದರು. ಹಳದಿ ಕಾರ್ಡು, ಲೆಟರು ಅಂದಿದ್ದೇ ದೇವಿನಾ ಮೇಡಂ ಬ್ಯಾಗಿಗೆ ಕೈ ಹಾಕಿ ಕಾರ್ಡ್ ತೆಗೆದರು. ನನ್ನ ಚೀಟಿಯ ಹಿಂದೆಯೇ ಎರಡು ಸಾಲು ಬರೆದು ಸೈನ್ ಮಾಡಿ ಎರಡನ್ನೂ ಕೈಗಿಟ್ಟರು.

'ಇನ್ನೆಷ್ಟು ಪೇಪರ್ ಇದೆ ಇವರದು' ಅಂತ ವನಿತಾ ಮೇಡಂನ ಕೇಳಿದೆ.

'ಮೂವತ್ತೊಂದು. ಎರಡಕ್ಕೆ ಲಾಕ್ ಆಗುತ್ತೆ. ಇವರ ರಿನ್ಯೂವಲ್ ಫೈಲ್ ಸೋಮವಾರ ಪ್ರಿನ್ಸಿಪಾಲ್ ಟೇಬಲ್ ಮೇಲೆ ಹೋಗುತ್ತೆ. ನೀವು ಬೇಗ ಹೋಗಿ ಮಗೂನ ಕರ್ಕೊಂಡು ಬನ್ನಿ, ಇವರು ಒಳಗೆ ಬರಲಿ. ಇಲ್ಲಿಗೆ ಮುಗೀತಲ್ಲ.'

ಮುಗೀತು. ಕಾರ್ಡಿತ್ತು, ಲೆಟರಿತ್ತು, ಹನ್ನೆರಡೂ ಮೂವತ್ತೈದಾಗಿತ್ತು. ನಾನು ಗಾಡಿ ಹತ್ತಿ ಹೋಗಬೇಕಿತ್ತು, ಅಷ್ಟೇ. ಮೇಡಂ ಒಳಗೆ ತಿರುಗಿ ನಾಲ್ಕು ಹೆಜ್ಜೆ ಹಾಕಿಯೂ ಆಗಿತ್ತು.

ಒಂಬತ್ತನೇ ಕ್ಲಾಸಿನ ಕೊನೆ ದಿನ ನಮಗೂ ಹೇಳಿದ್ದರು, ಅಪ್ಪನ್ನ ಕರ್ಕೊಂಡು ಬಾ, ಮಾತಾಡಿ ಪಾಸ್ ಮಾಡೋಣ ಅಂತ. ನಮ್ಮಪ್ಪ ಚಿಕ್ಕಬೈರಪ್ಪ ಬರ್ತೀನಿ ಅಂದಿದ್ದರು. ಆವತ್ತೇ ಒಂದು ಸೈಟಿನ ರಿಜಿಸ್ಟ್ರೇಷನ್ ಬಿತ್ತು. ಬದಲಿಗೆ ಚಿಕ್ಕಪ್ಪನ್ನ ಕಳಿಸಿದರು. ಚಿಕ್ಕಪ್ಪ ಬಂದರು, ಸೈನ್ ಹಾಕಿದರು, ಎಲ್ಲ ಸರಿಯಾಯಿತು, ಪಾಸೂ ಮಾಡಿದರು. ನಾನು ಮತ್ತೆ ಆ ಸ್ಕೂಲಿಗೆ ಹೋಗಲಿಲ್ಲ. ಯಾಕೆ ಅಂತ ಮನೆಯಲ್ಲಿ ಇವತ್ತಿಗೂ ಯಾರಿಗೂ ಗೊತ್ತಿಲ್ಲ.

'ವನಿತಾ ಮೇಡಂ, ಇನ್ನೊಂದು ಮಾತಿದೆ. ಅವರಿಗೆ ಹೇಳಿ.'

ಇಶ್ನಾ ಅಂದಿದ್ದನ್ನು ಅಂದ ಹಾಗೇ ಹೇಳಿದೆ. ವನಿತಾ ಮೇಡಂ ಕೇಳುತ್ತಾ ಕೇಳುತ್ತಾ ಐಡಿಯ ದಾರವನ್ನು ಬೆರಳಿಗೆ ಸುತ್ತಿಕೊಂಡರು. ದೇವಿನಾ ಮೇಡಂ ನಿಂತು ನಮ್ಮಿಬ್ಬರ ಮುಖ ನೋಡುತ್ತಿದ್ದರು.

'ಇದನ್ನ ನಾನು ಹೇಳ್ಲೇಬೇಕಾ' ಅಂದರು ವನಿತಾ ಮೇಡಂ. 'ಹೇಳಿದ್ರೆ ಇವರು ನಿಲ್ಲಲ್ಲ. ಇವರಿಗೋಸ್ಕರ ನಾನೇ ನಾಲ್ಕು ಸಲ ಪ್ರಿನ್ಸಿಪಾಲ್ ಹತ್ತಿರ ಮಾತಾಡಿದೀನಿ. ನಿಮಗೆ ಅರ್ಥ ಆಗುತ್ತಾ.'

'ಆಗುತ್ತೆ.'

'ಕೆಲಸ ಹೋದ್ರೆ ನೀವು ಕೊಡ್ತೀರಾ.'

ನಾನು ಕಾರ್ಡು, ಲೆಟರು ಜೇಬಿಗಿಟ್ಟುಕೊಂಡು ನಿಂತೆ, ಗಾಡಿ ಹತ್ತಲಿಲ್ಲ. ವನಿತಾ ಮೇಡಂ ಉಸಿರು ಬಿಟ್ಟು, ಆ ಕಡೆ ತಿರುಗಿ, ನಿಧಾನಕ್ಕೆ ಹೇಳಿದರು. ಏನನ್ನೂ ಬಿಡಲಿಲ್ಲ. ಶೀ ವಾಂಟೆಡ್ ಯು ಟು ಕಮ್ ಅನ್ನೋದು ನನಗೂ ತಿಳೀತು.

ದೇವಿನಾ ಮೇಡಂ ಗೇಟಿನ ಚಿಕ್ಕ ಬಾಗಿಲಿಂದ ತಲೆ ಬಗ್ಗಿಸಿ ಹೊರಗೆ ಬಂದು ವ್ಯಾನಿನ ಮುಂದಿನ ಸೀಟಲ್ಲಿ ಕೂತರು. 'ಬೇಗ' ಅಂದರು. ಅಮ್ಮನಿಂದ ಕಲಿತ ಹತ್ತು ಪದದಲ್ಲಿ ಅದೊಂದು.

ದಾರಿಯಲ್ಲಿ ಅವರು ನನ್ನ ಫೋನಿನ ಗಡಿಯಾರ ಬಿಟ್ಟು ಬೇರೇನೂ ನೋಡಲಿಲ್ಲ. ಸಾರಕ್ಕಿ ಸಿಗ್ನಲ್‌ನಲ್ಲಿ ಹನ್ನೆರಡೂ ಐವತ್ತೊಂದು. ಕೆಂಪು ದೀಪ ನೂರಾ ನಲವತ್ತರಿಂದ ಇಳಿಯೋಕೆ ಶುರುವಾಯಿತು. ಮೇಡಂ ತುಟಿ ಅಲ್ಲಾಡುತ್ತಿತ್ತು, ದೇವರೋ ಮೂವತ್ತೊಂದು ಪೇಪರೋ ಗೊತ್ತಿಲ್ಲ. ನಾನು ಎಡಕ್ಕೆ ಎಳೆದು ಹಾಲಿನ ಬೂತಿನ ಸಂದಿಯಲ್ಲಿ ನುಗ್ಗಿಸಿದೆ. ಒಬ್ಬ ಸ್ಕೂಟರಿನವನು ನನ್ನ ವಂಶವನ್ನೆಲ್ಲ ನೆನೆಸಿಕೊಂಡ. ಎಂದೂ ಸುಮ್ಮನಿರದವನು ಸುಮ್ಮನೆ ಹೋದೆ.

ಒಂದಕ್ಕೆ ಮೂರು ನಿಮಿಷ ಇತ್ತು. ರುದ್ರಮ್ಮ ಕೈಯಲ್ಲಿ ಬೀಗದ ಕೈ ಹಿಡಿದೇ ನಿಂತಿದ್ದಳು.

ಇಶ್ನಾ ಓಡಿ ಬರಲಿಲ್ಲ. ಎದ್ದು, ಫ್ರಾಕಿನ ಮಣ್ಣು ಕೊಡವಿ, ಬೇರೆ ಮಕ್ಕಳು ಮಾಡಿದ್ದನ್ನು ನೋಡಿ ಕಲಿತ ಹಾಗೆ ಅಮ್ಮನ ಕೈ ಹಿಡಿದು ಆಫೀಸಿನ ಕಡೆ ನಡೆದಳು. ಕ್ಲಾಸ್ ಟೀಚರ್ ಹೋಗಿಯಾಗಿತ್ತು, ಪ್ರೋಗ್ರೆಸ್ ಕಾರ್ಡು ಆಫೀಸಿನವರೇ ಕೊಟ್ಟರು. ಇಶ್ನಾ ಬಿಡಲಿಲ್ಲ. ಅಮ್ಮನ್ನ ತನ್ನ ಕ್ಲಾಸಿನ ಕಿಟಕಿ ಹತ್ತಿರ ಎಳೆದುಕೊಂಡು ಹೋಗಿ, ಒಳಗೆ ತಾನು ಕೂರೋ ಜಾಗ ತೋರಿಸಿದಳು. ಮೇಡಂ ಕಿಟಕಿಗೆ ಹಣೆ ಒತ್ತಿ ನೋಡಿದರು. ನಾಲ್ಕು ನಿಮಿಷ. ನಾನು ಗಾಡಿ ಆಫ್ ಮಾಡದೆ, ಹಾರ್ನ್ ಮೇಲೆ ಕೈ ಇಟ್ಟು, ಒತ್ತದೆ ಕೂತಿದ್ದೆ.

ವಾಪಸ್ ದೊಡ್ಡ ಸ್ಕೂಲಿನ ಗೇಟಿಗೆ ಬಂದಾಗ ಒಂದೂ ಮೂವತ್ತಮೂರು. ಮೇಡಂ ಚಪ್ಪಲಿ ಕೈಯಲ್ಲಿ ಹಿಡಿದು ಒಳಗೆ ಓಡಿದರು.

ನೆರಳಿಗೆ ಗಾಡಿ ಹಾಕಿದೆ. ವೆಂಕಟಾಚಲಣ್ಣ ಇಶ್ನಾಗೆ ಎರಡು ಗ್ಲೂಕೋಸ್ ಬಿಸ್ಕತ್ತು ಕೊಟ್ಟರು. ಇಪ್ಪತ್ತೇಳು ನಿಮಿಷಕ್ಕೆ ಮೂವತ್ತೊಂದು ಪೇಪರ್. ಒಂದು ನಿಮಿಷಕ್ಕೆ ಒಂದಕ್ಕಿಂತ ಜಾಸ್ತಿ. ಹೇಳದೆ ಇದ್ದಿದ್ದರೆ ಮಗು ಹೇಗೂ ಮನೆ ಸೇರ್ತಿತ್ತು. ಅವರು ಇಷ್ಟು ಹೊತ್ತಿಗೆ ಮುಗಿಸಿ ಟೀ ಕುಡೀತಿದ್ದರು. ನನ್ನ ಹಳೇ ಸಿಟ್ಟಿಗೆ ಅವರ ಅನ್ನ ಹೋದರೆ?

'ಅಣ್ಣ, ಅಮ್ಮ ಅಳ್ತಾಳಾ' ಅಂದಳು ಇಶ್ನಾ.

'ಯಾಕೆ.'

'ಮೂಗು ಕೆಂಪಗಿತ್ತು.'

'ಬಿಸಿಲು.' ಫೋನ್ ತೆಗೆದೆ. 'ಅಮ್ಮಂಗೆ ಒಂದು ಮಾತು ಕಳಿಸೋಣ. ನಾನು ಹೇಳಿದ್ದನ್ನ ನಿಮ್ಮ ಭಾಷೇಲಿ ಹೇಳು. ಒಂದಕ್ಷರ ಬಿಡಬೇಡ, ಒಂದಕ್ಷರ ಸೇರಿಸಬೇಡ. ಈ ಸಲ ನಿಜ ಹೇಳ್ಬೇಕು.'

ತಲೆಯಾಡಿಸಿದಳು.

'ನಾವು ಗೇಟಲ್ಲೇ ಇದೀವಿ. ನಿಧಾನಕ್ಕೆ ಬನ್ನಿ. ತಪ್ಪು ಮನು ಅಣ್ಣಂದು, ಪಾಪೂದಲ್ಲ.'

ಮೈಕ್ ಒತ್ತಿ ಹಿಡಿದೆ. ಇಶ್ನಾ ಶುರು ಮಾಡಿದಳು. ಅವರ ಭಾಷೆ ಫ್ರೆಂಚಿನ ತಂಗಿ ಅಂತ ಮೇಡಂ ಒಮ್ಮೆ ಹೇಳಿದ್ದರು. ನನ್ನದು ಮೂರು ಮಾತು. ಅವಳು ನಿಲ್ಲಿಸಲೇ ಇಲ್ಲ. ನಡುವೆ ಒಂದು ಸಲ ಮನು ಅಂತ ಕೇಳಿಸಿತು, ವ್ಯಾನ್ ಅಂತ ಕೇಳಿಸಿತು, ಕೊನೆಗೆ ಏನೋ ಮೆಲ್ಲಗೆ, ಬಾಯಿ ಫೋನಿಗೇ ತಾಗಿಸಿ. ನನ್ನ ಹೆಬ್ಬೆರಳು ನೋಯಿತು, ತೆಗೆಯಲಿಲ್ಲ.

ಎರಡೂ ಇಪ್ಪತ್ತಕ್ಕೆ ಟೀಚರ್‌ಗಳು ಒಬ್ಬೊಬ್ಬರೇ ಬಂದರು. ಕೊನೆಗೆ ದೇವಿನಾ ಮೇಡಂ. ಫೋನ್ ವಾಪಸ್ ಸಿಕ್ಕಿತ್ತು, ಕಿವಿಗೆ ಹಿಡಿದು ನಡೆಯುತ್ತಿದ್ದರು. ಗೇಟಿನ ಒಳಗೇ ನಿಂತುಬಿಟ್ಟರು. ಪೂರ್ತಿ ಕೇಳಿ, ಮತ್ತೊಂದು ಸಲ ಹಾಕಿಕೊಂಡು ಕೇಳಿದರು. ಅವರ ಹಿಂದೆ ವನಿತಾ ಮೇಡಂ ಬಂದು ಗಾಡಿಯ ಕಿಟಕಿಗೆ ಬಗ್ಗಿದರು.

'ಒಂಬತ್ತು ಪೇಪರ್ ಉಳೀತು. ಯಾಕೆ ಉಳೀತು ಅಂತ ನಾನು ಬರ್ದು ಕೊಡ್ತೀನಿ, ಆದ್ರೆ ಓದೋರು ಪ್ರಿನ್ಸಿಪಾಲ್. ಸೋಮವಾರ ಗೊತ್ತಾಗುತ್ತೆ.' ಇಶ್ನಾಳ ಕೆನ್ನೆ ಮುಟ್ಟಿ ಹೊರಟುಹೋದರು.

ಮೇಡಂ ಮುಂದಿನ ಸೀಟು ಬಿಟ್ಟು ಹಿಂದೆ, ಚಿಕ್ಕ ಮಕ್ಕಳು ಕೂರೋ ಬೆಂಚಿನಲ್ಲಿ ಮಗಳ ಪಕ್ಕ ಕೂತರು. ಮೊಣಕಾಲು ಎದೆಗೆ ಬರುತ್ತಿತ್ತು. ಪ್ರೋಗ್ರೆಸ್ ಕಾರ್ಡ್ ಬಿಚ್ಚಿ ಓದತೊಡಗಿದರು.

'ಮನು' ಅಂದರು, ತಲೆ ಎತ್ತದೆ. 'ಮಂಡೇ. ವ್ಯಾನ್?'

'ಇಲ್ಲ ಮೇಡಂ. ರಜ. ಹಾಲಿಡೇ.' ಆಮೇಲೆ ಹೇಳಿದೆ, 'ಮಂಡೇ ಯು ಸ್ಕೂಲ್. ಐ ಡ್ರಾಪ್. ಐ ವೇಟ್.'

ಇಶ್ನಾ ಅದನ್ನು ಅವರ ಭಾಷೆಗೆ ತಿರುಗಿಸಿ ಹೇಳಿದಳು. ಈ ಸಲ ನಾನಂದಷ್ಟೇ ಉದ್ದವಿತ್ತು.

ಗಾಡಿ ತೆಗೆದೆ. ಒಣಗಿದ ಸೋಪು ಗಾಜಿನ ತುಂಬ ಬಿಳಿ ಬಿಳಿ, ರಸ್ತೆ ಸರಿಯಾಗಿ ಕಾಣುತ್ತಿರಲಿಲ್ಲ. ಸೋಮವಾರಕ್ಕೆ ಇನ್ನೂ ಎರಡು ದಿನ ಇತ್ತು.